ಅರವತ್ತು ಕತ್ತೆಗಳ ಲೆಕ್ಕ

ಹತ್ತನೆಯ ತರಗತಿಯ ಕರಿಹಲಗೆಯ ಎಡಭಾಗದಲ್ಲಿ ಆ ಲೆಕ್ಕ ಭಾನುವಾರದಿಂದ ಹಾಗೆಯೇ ಇತ್ತು. ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು, ಕೂಡಿದರೆ ಅರವತ್ತೆರಡು. ಯಾರೂ ಅಳಿಸಕೂಡದು ಎಂದು ಗಣಿತದ ಟೀಚರ್ ಸಿತ್ ಹಿಯಾಮ್, ಎಂದರೆ ಹಿಯಾಮ್ ಮೇಡಂ, ಕಟ್ಟಪ್ಪಣೆ ಮಾಡಿದ್ದರು. ಅದು ಸಾಕ್ಷಿ. ಸಾಕ್ಷಿಗೆ ಅರ್ಧ ಹಲಗೆ ಹೋದದ್ದರಿಂದ ಆ ವಾರದ ಬೀಜಗಣಿತವೆಲ್ಲ ಉಳಿದರ್ಧದಲ್ಲಿ ಮೈ ಮುದುಡಿಕೊಂಡು ನಡೆಯುತ್ತಿತ್ತು.

ನಡೆದದ್ದು ಇಷ್ಟೆ. ಶುಕ್ರವಾರ ರಜೆಯ ಆ ಅರಬ್ ನಾಡಿನಲ್ಲಿ ಶಾಲೆಯ ವಾರ ಶುರುವಾಗುವ ಭಾನುವಾರ, ಎರಡನೆಯ ಪೀರಿಯಡ್ಡಿನಲ್ಲಿ ಗೈದಾ ಎಂಬ ಹುಡುಗಿ ಕಿಟಕಿಯಾಚೆ ನೋಡುತ್ತಿದ್ದಳು. ಸಿತ್ ಹಿಯಾಮ್, "ಅರವತ್ತು ಕತ್ತೆಗಳ ಮಗಳೇ, ಈ ಕಡೆ ನೋಡು" ಅಂದರು. ಬೈಗುಳ ಹೊಸದೇನಲ್ಲ. ಆ ಬೆಟ್ಟದ ಊರಲ್ಲಿ ಕಟುಕ ತಕ್ಕಡಿಗೆ, ತಾಯಿ ಮಗುವಿಗೆ, ಡ್ರೈವರು ಗೇರಿಗೆ ಅದನ್ನೇ ಅನ್ನುತ್ತಾರೆ. ಅರವತ್ತು ಅಂದರೆ ತುಂಬಾ ಅಂತ ಅರ್ಥ. ತಲೆತಲಾಂತರದಿಂದ ಯಾರೂ ಎಣಿಸಲು ಹೋಗಿರಲಿಲ್ಲ. ಗೈದಾ ಎಣಿಸಿದಳು. ಎದ್ದು ಹೋಗಿ ಸೀಮೆಸುಣ್ಣ ಹಿಡಿದಳು.

"ಅಪ್ಪ ಅಮ್ಮ ಇಬ್ರು ಮಿಸ್. ಅಜ್ಜ ಅಜ್ಜಿಯಂದ್ರು ನಾಲ್ಕು. ಮುತ್ತಜ್ಜ ಮುತ್ತಜ್ಜಿ ಎಂಟು. ಅವರಪ್ಪ ಅಮ್ಮ ಹದಿನಾರು, ಅವರಪ್ಪ ಅಮ್ಮ ಮೂವತ್ತೆರಡು. ಒಟ್ಟು ಅರವತ್ತೆರಡು ಬರುತ್ತೆ. ನೀವು ಅರವತ್ತು ಅಂದ್ರಿ. ಬಿಟ್ಟ ಇಬ್ರು ಯಾರು ಮಿಸ್? ಮನೇಲಿ ಹೇಳ್ಬೇಕು."

ನಗು ಕಾರಿಡಾರು ದಾಟಿ, ಮೆಟ್ಟಿಲಿಳಿದು, ಹೆಡ್ಮಿಸ್ಟ್ರೆಸ್ ಕೋಣೆಯವರೆಗೂ ಹೋಯಿತು. ದೂರು ಅದರ ಬೆನ್ನಿಗೇ ಹೋಯಿತು.

ಗುರುವಾರ ಶಿಸ್ತು ಸಮಿತಿ. ಟೀಚರಿಗೆ ಅವಮಾನ ಎಂದರೆ ಶಿಕ್ಷೆ ಒಂದೇ: ಬೇರೆ ಶಾಲೆಗೆ ವರ್ಗ. ಬೇರೆ ಶಾಲೆ ಇರುವುದು ಕೆಳಗೆ ಕಣಿವೆಯಲ್ಲಿ, ಎರಡು ಬಸ್ಸು ಬದಲಿಸಬೇಕು. ಗೈದಾಳ ಅಪ್ಪ ಬಂದು, ಟೋಪಿ ತೆಗೆಯದೆ, ಕೂರದೆ, "ಎರಡು ಬಸ್ಸಾದ್ರೆ ಬೇಡ. ಮನೇಲಿರ್ಲಿ" ಎಂದು ಹೇಳಿ ಹೋಗಿದ್ದ. ಶಾಲೆಯ ಆಪ್ತಸಲಹೆಗಾರ್ತಿ ಇಬ್ತಿಸಾಮ್ ಆ ಮಾತು ಕೇಳಿಸಿಕೊಂಡಿದ್ದಳು. ಹನ್ನೊಂದು ವರ್ಷದಲ್ಲಿ ನಾಲ್ಕು ಹುಡುಗಿಯರು ಹೀಗೆ ಕಣಿವೆಗೆ ವರ್ಗವಾದದ್ದನ್ನು ಅವಳು ಕಂಡಿದ್ದಳು. ನಾಲ್ವರಲ್ಲಿ ಒಬ್ಬಳೂ ಎರಡನೆಯ ಬಸ್ಸು ಹತ್ತಿರಲಿಲ್ಲ.

ದೂರನ್ನು ವಾಪಸು ಪಡೆಯಬಲ್ಲವರು ಸಿತ್ ಹಿಯಾಮ್ ಒಬ್ಬರೇ. ಇಬ್ತಿಸಾಮ್ ಮೊದಲು ಹುಡುಗಿಯನ್ನು ಕರೆಸಿದಳು.

"ಒಂದು ಸಾರಿ ತಪ್ಪಾಯ್ತು ಅಂದ್ಬಿಡು ಮಗಳೇ. ನಾಲಿಗೆ ಏನು ಸವೆಯುತ್ತಾ?"

"ಯಾವುದಕ್ಕೆ ಅನ್ಲಿ ಮಿಸ್? ಕೂಡಿಸಿದ್ದಕ್ಕಾ?"

ಆಮೇಲೆ ಟೀಚರನ್ನು ಕೇಳಿದಳು.

"ಇಪ್ಪತ್ತಾರು ವರ್ಷ ಪಾಠ ಮಾಡಿದೀನಿ ಇಬ್ತಿಸಾಮ್," ಅಂದರು ಸಿತ್ ಹಿಯಾಮ್. "ನನ್ನ ಮೇಲೆ ಕಲ್ಲೆಸೆದೋರಿದಾರೆ, ನನ್ನ ಕುರ್ಚಿಗೆ ಗೋಂದು ಹಚ್ಚಿದೋರಿದಾರೆ. ಎಲ್ಲಾ ಮರೆತಿದೀನಿ. ನನ್ನ ಲೆಕ್ಕ ತಪ್ಪು ಅಂದೋರು ಇವಳೊಬ್ಬಳೇ."

ಇಷ್ಟರಲ್ಲಿ ಯೋಜನೆ ಬಂತು.

ಬಂತು ಅನ್ನುವುದಕ್ಕಿಂತ, ಒಂದು ತಿಂಗಳಿಂದ ಬರುತ್ತಲೇ ಇತ್ತು ಅನ್ನಬೇಕು. ಹೊರದೇಶದ ಯಾವುದೋ ಸಂಸ್ಥೆ, ಶಾಲೆಗಳಲ್ಲಿ ಶಿಕ್ಷೆಯ ಬದಲು ಮುರಿದ ಸಂಬಂಧಗಳನ್ನು ಕೂಡಿಸುವ ಹೊಸ ಪದ್ಧತಿಯೊಂದಕ್ಕೆ ಹಣ ಕೊಟ್ಟಿತ್ತು. ಕೈಪಿಡಿಯನ್ನು ಅರಬ್ಬಿಗೆ ತಂದ ಪುಣ್ಯಾತ್ಮ ಆ ಪದ್ಧತಿಗೆ 'ತರ್ಮೀಮ್' ಎಂದು ಹೆಸರಿಟ್ಟಿದ್ದ. ತರ್ಮೀಮ್ ಎಂದರೆ ಹಳೆಯ ಕಟ್ಟಡದ ಜೀರ್ಣೋದ್ಧಾರ. 'ಬಾಲಕಿಯರ ಶಾಲೆಯಲ್ಲಿ ಜೀರ್ಣೋದ್ಧಾರ ಕಾರ್ಯ' ಎಂಬ ಕಡತವನ್ನು ಇಲಾಖೆಯ ಯಾವ ಗುಮಾಸ್ತ ತಾನೇ ಮನಶ್ಶಾಸ್ತ್ರದ ವಿಭಾಗಕ್ಕೆ ಕಳಿಸುತ್ತಾನೆ? ಅದು ನೇರವಾಗಿ ಕಟ್ಟಡ ವಿಭಾಗಕ್ಕೆ ಹೋಯಿತು. ಸೋಮವಾರ ಬೆಳಿಗ್ಗೆ ಒಬ್ಬ ಇಂಜಿನಿಯರು, ಇಬ್ಬರು ಕೆಲಸದವರು, ಆರು ಮೂಟೆ ಸುಣ್ಣ ಗೇಟಿನ ಮುಂದೆ ಇಳಿದವು.

"ಸಂಬಂಧಗಳಲ್ಲಿ ಬಿರುಕು ಅಂತ ಬರೆದಿದಾರೆ," ಅಂದ ಇಂಜಿನಿಯರು, ಕಾಗದ ತಿರುಗಿಸಿ ನೋಡುತ್ತ. "ಬಿರುಕು ಎಲ್ಲಿ ಅಂತ ತೋರಿಸಿದ್ರೆ ಸಾಕು."

ಹೆಡ್ಮಿಸ್ಟ್ರೆಸ್ ಸಿತ್ ಫಿರ್ಯಾಲ್ ಲೋಕಜ್ಞಾನ ಉಳ್ಳವರು. ಇಲಾಖೆ ತಪ್ಪಿ ಕೊಟ್ಟದ್ದನ್ನು ತಿದ್ದಲು ಹೋದರೆ ಇನ್ನು ಹತ್ತು ವರ್ಷ ಏನೂ ಸಿಗುವುದಿಲ್ಲ ಎಂದು ಅವರಿಗೆ ಗೊತ್ತು. ಇಂಜಿನಿಯರನ್ನು ಮಾತಿಲ್ಲದೆ ಗ್ರಂಥಾಲಯಕ್ಕೆ ಕರೆದೊಯ್ದು, ತೇವ ಕುಡಿದ ಗೋಡೆ ತೋರಿಸಿದರು.

ನಿಜವಾದ ಜೀರ್ಣೋದ್ಧಾರ ಬುಧವಾರ ರಾಜಧಾನಿ ಅಮ್ಮಾನಿನಿಂದ ಟ್ಯಾಕ್ಸಿಯಲ್ಲಿ ಬಂತು. ತರಬೇತಿ ಕೊಡುವವಳ ಹೆಸರು ಯಾರಾ. ಇಪ್ಪತ್ತೇಳರ ಹುಡುಗಿ, ಕೆನಡಾದಲ್ಲಿ ಹುಟ್ಟಿ ಬೆಳೆದವಳು, ಒಳ್ಳೆಯವಳು, ಎಲ್ಲರ ಹೆಸರನ್ನೂ ಎರಡೆರಡು ಬಾರಿ ಕೇಳಿ ಬರೆದುಕೊಳ್ಳುವವಳು. ಅವಳ ಚೀಲದಲ್ಲಿ ಹಾಜರಿ ಪಟ್ಟಿ, ಭಾವನೆಗಳ ಚಿತ್ರವಿರುವ ಕಾರ್ಡುಗಳು, ಒಂದು ಬಟ್ಟೆಯ ಮುಳ್ಳುಹಂದಿ ಇದ್ದವು.

"ಎಲ್ಲರೂ ವೃತ್ತವಾಗಿ ಕೂರಬೇಕು," ಅಂದಳು. "ಮುಳ್ಳುಹಂದಿ ಯಾರ ಕೈಲಿರುತ್ತೋ ಅವರು ಮಾತ್ರ ಮಾತಾಡಬೇಕು. ಉಳಿದೋರು ಕೇಳಬೇಕು. ಇದು ನಮ್ಮ ಕಡೆಯ ಮೂಲನಿವಾಸಿಗಳಿಂದ ಬಂದ ಪದ್ಧತಿ. ಜಗಳ ಆದ್ರೆ ಅವರು ಹೀಗೇ ಸುತ್ತ ಕೂತು ಬಗೆಹರಿಸ್ತಿದ್ರು. ಇಲ್ಲಿ ಅಂಥದ್ದೇನೂ ಇಲ್ಲ ಅಲ್ವಾ, ಅದಕ್ಕೇ ಈ ಯೋಜನೆ."

ಇಬ್ತಿಸಾಮ್ ಹೆಡ್ಮಿಸ್ಟ್ರೆಸ್ ಮುಖ ನೋಡಿದಳು. ಹೆಡ್ಮಿಸ್ಟ್ರೆಸ್ ಕಿಟಕಿ ನೋಡಿದರು.

"ಅವರು ಕೂತಾಗ ಕಾಫಿ ಕುಡಿಯೋದಿಲ್ವಾ?" ಎಂದು ಕೇಳಿದಳು ಇಬ್ತಿಸಾಮ್.

"ಕೈಪಿಡೀಲಿ ಹಾಗೇನೂ ಇಲ್ಲ."

ಯಾರಾಳಿಗೆ ಅಭ್ಯಾಸಕ್ಕಾಗಿ ಒಂದು ನಿಜವಾದ ಜಗಳ ಬೇಕಿತ್ತು. ಹೆಡ್ಮಿಸ್ಟ್ರೆಸ್ ಇಬ್ಬರು ಜಾಣ ಹುಡುಗಿಯರಿಗೆ ಪೆನ್ಸಿಲ್ ಕದ್ದ ಜಗಳವೊಂದನ್ನು ಬಾಯಿಪಾಠ ಮಾಡಿಸಿಟ್ಟಿದ್ದರು. ಇಬ್ತಿಸಾಮ್, "ನನ್ನ ಹತ್ರ ತಾಜಾ ಒಂದಿದೆ" ಅಂದಳು. ಗ್ರಂಥಾಲಯದಲ್ಲಿ ಸುಣ್ಣ ಬಳಿಯುತ್ತಿದ್ದರಲ್ಲ, ಕೂರುವುದೆಲ್ಲಿ ಎಂಬ ಪ್ರಶ್ನೆ ಬಂತು. ಆ ಪ್ರಶ್ನೆಗೆ ಕಾಯುತ್ತಿದ್ದವಳಂತೆ ಅವಳು, "ಸಿತ್ ಹಿಯಾಮ್ ಅವರ ಕ್ಲಾಸಿನಲ್ಲೇ ಕೂರೋಣ" ಅಂದಳು.

ಹೀಗೆ ಹತ್ತನೆಯ ತರಗತಿಯಲ್ಲಿ ಐದು ಕುರ್ಚಿ ವೃತ್ತವಾದವು. ಉಳಿದ ಹುಡುಗಿಯರನ್ನು ಅಂಗಳಕ್ಕೆ ಕಳಿಸಿದರು. ಅವರು ಆಟವಾಡುವ ಹಾಗೆ ಕಿಟಕಿಯ ಕೆಳಗೆ ನಿಂತರು.

ಯಾರಾ ಮುಳ್ಳುಹಂದಿಯನ್ನು ಮೊದಲು ಸಿತ್ ಹಿಯಾಮ್ ಕೈಗೆ ಕೊಟ್ಟಳು. ಅವರು ಅದನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಹಿಡಿದರು.

"ಆ ಹೊತ್ತಿಗೆ ನಿಮಗೆ ಏನನ್ನಿಸ್ತು?"

"ಎರಡನೇ ಪೀರಿಯಡ್ಡು ಅನ್ನಿಸ್ತು."

"ಈಗ ಏನನ್ನಿಸ್ತಿದೆ?"

"ನಾಲ್ಕನೇ ಪೀರಿಯಡ್ಡು."

ಮುಳ್ಳುಹಂದಿ ಗೈದಾಳ ಕೈಗೆ ಹೋಯಿತು. "ಈ ಘಟನೆಯಿಂದ ಯಾರಿಗೆ ನೋವಾಗಿದೆ ಅಂತ ನಿನಗನ್ನಿಸುತ್ತೆ?" ಎಂದು ಯಾರಾ ಮೆತ್ತಗೆ ಕೇಳಿದಳು.

"ಅರವತ್ತು ಜನಕ್ಕೆ ಮಿಸ್. ಇಬ್ರು ಯಾರೂಂತ ಇನ್ನೂ ಗೊತ್ತಾಗಿಲ್ಲ."

ಕಿಟಕಿಯ ಕೆಳಗೆ ಯಾರೋ ಮೂಗು ಮುಚ್ಚಿಕೊಂಡು ನಕ್ಕರು. ಯಾರಾ ಭಾವನೆಗಳ ಕಾರ್ಡು ಹರಡಿ, ಒಂದೊಂದು ಆರಿಸಿಕೊಳ್ಳಿ ಅಂದಳು. ಸಿತ್ ಹಿಯಾಮ್ ಕಾರ್ಡುಗಳನ್ನೆಲ್ಲ ಎಣಿಸಿ, "ಇಪ್ಪತ್ನಾಲ್ಕು ಅಂತ ಬರೆದಿದೆ, ಇಪ್ಪತ್ಮೂರಿದೆ" ಎಂದು ವಾಪಸು ಇಟ್ಟರು. ಹೆಡ್ಮಿಸ್ಟ್ರೆಸ್ ಗಡಿಯಾರ ನೋಡಿದರು. ನಾಳೆ ಗುರುವಾರ. ಇಬ್ತಿಸಾಮ್ ನೆಚ್ಚಿದ್ದು ಮುಳ್ಳುಹಂದಿಯನ್ನಲ್ಲ, ಆದರೆ ನೆಚ್ಚಿದ್ದು ಇನ್ನೂ ಬಂದಿರಲಿಲ್ಲ.

ಬಂತು. ಸಿತ್ ಹಿಯಾಮ್ ಇಪ್ಪತ್ತಾರು ವರ್ಷದಿಂದ ಮೇಜಿನ ಕೆಳಗೆ ಒಂದು ಫ್ಲಾಸ್ಕ್ ಇಡುತ್ತಾರೆ. ಏಲಕ್ಕಿ ಹಾಕಿದ, ಸಕ್ಕರೆಯಿಲ್ಲದ ಕಾಫಿ. ಎಂಥ ಸಿಟ್ಟಿದ್ದರೂ ತನ್ನ ಕೋಣೆಗೆ ಬಂದು ಕೂತವರ ಎದುರು ಬರಿಗೈಯಲ್ಲಿ ಕೂರುವುದು ಆ ಊರಿನ ಹೆಂಗಸಿಗೆ ಸಾಧ್ಯವಿಲ್ಲ. ಅಮ್ಮಾನಿನಿಂದ ಬಂದ ಹುಡುಗಿ ಬೇರೆ ಇದ್ದಾಳೆ. ಅವರು ಗೊಣಗುತ್ತ ಎದ್ದು, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳನ್ನು ತೆಗೆದು, ಬಲಗೈಯಿಂದ, ಹುಡುಗಿಯನ್ನು ಬಿಟ್ಟು, ಒಬ್ಬೊಬ್ಬರಿಗೂ ಒಂದೊಂದು ಗುಟುಕು ಸುರಿದು ಕೊಟ್ಟರು.

ಯಾರಾ ಕುಡಿದು, "ತುಂಬಾ ಚೆನ್ನಾಗಿದೆ" ಅಂದಳು.

ಇಬ್ತಿಸಾಮ್ ತನ್ನ ಬಟ್ಟಲನ್ನು ತುಟಿಗೆ ತಾಗಿಸದೆ, ಎದುರಿನ ಮೇಜಿನ ಮೇಲೆ ಇಟ್ಟಳು. ಕೈ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಳು.

ಕೋಣೆಯ ಗಾಳಿಯೇ ಬದಲಾಯಿತು. ಹೆಡ್ಮಿಸ್ಟ್ರೆಸ್ ತುಟಿಯವರೆಗೆ ಒಯ್ದಿದ್ದ ಬಟ್ಟಲನ್ನು ಇಳಿಸಿ, ಒಂದು ಕ್ಷಣ ಯೋಚಿಸಿ, ಇಬ್ತಿಸಾಮಳ ಬಟ್ಟಲಿನ ಪಕ್ಕದಲ್ಲಿಟ್ಟರು.

ಆ ಸೀಮೆಯಲ್ಲಿ ಕೊಲೆಯಾಗಲಿ, ಹೆಣ್ಣು ಕೇಳುವುದಾಗಲಿ, ಹೊಲದ ಬದುವಿನ ತಗಾದೆಯಾಗಲಿ, ಹಿರಿಯರು ತಂಡ ಕಟ್ಟಿ ಎದುರು ಕಡೆಯವರ ಮನೆಗೆ ಹೋಗುತ್ತಾರೆ. ಅದಕ್ಕೆ ಜಾಹಾ ಅನ್ನುತ್ತಾರೆ. ಮನೆಯವನು ಕಾಫಿ ಕೊಡುತ್ತಾನೆ. ಬಂದವರು ಕುಡಿಯದೆ ಮುಂದಿಡುತ್ತಾರೆ. 'ಕುಡಿಯಿರಿ, ಬಂದ ಕೆಲಸ ಆಯಿತು' ಎಂದು ಮನೆಯವನು ಹೇಳುವ ತನಕ ಕಾಫಿ ಆರುತ್ತಿರುತ್ತದೆ, ಅವನ ಮರ್ಯಾದೆ ಕಾಯುತ್ತಿರುತ್ತದೆ. ಕುಡಿಯದ ಕಾಫಿ ಬಿಟ್ಟು ನೆಂಟರು ಎದ್ದುಹೋದ ಮನೆಯ ಹೆಸರನ್ನು ಊರು ಮೂರು ತಲೆಮಾರು ನೆನಪಿಡುತ್ತದೆ.

"ಇದೇನು ಆಟ?" ಅಂದರು ಸಿತ್ ಹಿಯಾಮ್. "ಹೆಂಗಸರು ಯಾವತ್ತಿಂದ ಜಾಹಾ ಹೊರಡೋಕೆ ಶುರು ಮಾಡಿದ್ರು?"

"ಗಂಡಸರಿಗೆ ಇವತ್ತು ಪುರುಸೊತ್ತಿಲ್ಲ," ಅಂದಳು ಇಬ್ತಿಸಾಮ್. "ಸುಣ್ಣ ಹೊಡೀತಿದಾರೆ."

"ಕಾಫಿ ಆರುತ್ತೆ."

"ಆರ್ಲಿ."

ಯಾರಾ ಮುಳ್ಳುಹಂದಿಯನ್ನು ಎತ್ತಿಕೊಂಡು, "ಮಾತಾಡೋರು ಇದನ್ನ ಹಿಡೀಬೇಕು" ಎಂದು ನೆನಪಿಸಿದಳು. ಯಾರೂ ಅವಳತ್ತ ತಿರುಗಲಿಲ್ಲ. ಸಿತ್ ಹಿಯಾಮ್ ಮಾತ್ರ, ನೋಡದೆಯೇ, ಅವಳ ಖಾಲಿ ಬಟ್ಟಲಿಗೆ ಇನ್ನೊಂದು ಗುಟುಕು ಸುರಿದರು. ಸಾಕು ಅನ್ನುವುದಕ್ಕೆ ಬಟ್ಟಲನ್ನು ಅಲುಗಿಸಬೇಕೆಂದು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಅವಳು ಮತ್ತೆ ಕುಡಿದಳು.

ಇಬ್ತಿಸಾಮ್ ಗಂಟಲು ಸರಿಮಾಡಿಕೊಂಡಳು. ಮುಂದಿನ ಮಾತು ಗಂಡಸರ ಮಾತು, ಪಡಸಾಲೆಯ ಮಾತು. ಬಾಗಿಲ ಹಿಂದೆ ನಿಂತು ನೂರು ಸಲ ಕೇಳಿದ್ದಳು, ಒಂದು ಸಲವೂ ಆಡಿರಲಿಲ್ಲ.

"ಸಿತ್ ಹಿಯಾಮ್, ನಾವು ನಿಮ್ಮ ಬಾಗಿಲಿಗೆ ಬಂದಿದೀವಿ. ಈ ಹುಡುಗಿಯನ್ನ ಕೇಳೋಕೆ ಬಂದಿದೀವಿ. ಅವಳು ಹೊರಗಿನೋಳಲ್ಲ, ನಿಮ್ಮವಳೇ. ನಿಮ್ಮ ಕುಲದ ಹಿರಿಯ ಮುಫ್ಲಿಹ್ ಅಜ್ಜನ ಕುಡಿ. ನೀವೂ ಅದೇ ಅಜ್ಜನ ಕುಡಿ. ಅವಳು ಕಣಿವೆಗೆ ಹೋದ್ರೆ ಓದು ಮುಗೀತು, ಅದು ನಿಮಗೂ ಗೊತ್ತು. ಅಜ್ಜನ ಮುಖ ನೋಡಿ..."

"ಮುಫ್ಲಿಹ್," ಅಂದರು ಸಿತ್ ಹಿಯಾಮ್.

ಅವರ ಕಣ್ಣು ಇಬ್ತಿಸಾಮಳನ್ನು ಬಿಟ್ಟು ಕರಿಹಲಗೆಗೆ ಹೋಗಿತ್ತು. ತುಟಿ ಅಲುಗುತ್ತಿತ್ತು. ಎದ್ದರು. ಸೀಮೆಸುಣ್ಣ ತೆಗೆದುಕೊಂಡು ಮೂವತ್ತೆರಡರ ಕೆಳಗೆ ಗೆರೆ ಎಳೆದರು.

"ಏ ಹುಡುಗಿ. ನಿನ್ನಪ್ಪನ ಅಪ್ಪ, ನಿನ್ನಪ್ಪನ ಅಮ್ಮ, ಇಬ್ಬರಿಗೂ ಮುತ್ತಜ್ಜ ಯಾರು?"

ಗೈದಾ ಬೆರಳು ಮಡಿಸಿದಳು. "ಅಜ್ಜನಿಗೆ ಮುಫ್ಲಿಹ್. ಅಜ್ಜಿಗೆ..." ನಿಲ್ಲಿಸಿದಳು. "ಅಜ್ಜಿಗೂ ಮುಫ್ಲಿಹ್."

"ಮುತ್ತಜ್ಜಿ?"

"ಇಬ್ಬರಿಗೂ ಫಿದ್ದಾ."

"ಅಂದ್ರೆ ಈ ಮೂವತ್ತೆರಡರಲ್ಲಿ ಮುಫ್ಲಿಹ್ ಎರಡು ಸಲ, ಫಿದ್ದಾ ಎರಡು ಸಲ ಬಂದ್ರು. ಒಬ್ಬ ಮನುಷ್ಯನ್ನ ಎರಡು ಸಲ ಎಣಿಸ್ತಾರಾ? ಇಲ್ಲಿ ಮೂವತ್ತು." ಬರೆದರು. "ಕೂಡಿಸು."

ಗೈದಾ ಕೂಡಿಸಿದಳು. ಅವಳ ಮುಖದಲ್ಲಿ, ಭಾನುವಾರದಿಂದ ಮೊದಲ ಬಾರಿಗೆ, ತರಗತಿಯಲ್ಲಿ ಕಾಣಬೇಕಾದ ಕಳೆ ಕಂಡಿತು. "ಅರವತ್ತು."

"ಅರವತ್ತು," ಅಂದರು ಸಿತ್ ಹಿಯಾಮ್, ಸುಣ್ಣದ ಕೈ ಕೊಡವುತ್ತ. "ಇಪ್ಪತ್ತಾರು ವರ್ಷ. ಒಂದು ಸಲ ತಪ್ಪಿಲ್ಲ."

ಹೆಡ್ಮಿಸ್ಟ್ರೆಸ್ ಕೆಮ್ಮಿದರು. "ಹಾಗಾದ್ರೆ ಮುಫ್ಲಿಹ್ ಅಜ್ಜನೂ ಆ ಅರವತ್ತರಲ್ಲಿ ಒಬ್ಬರು, ಅಲ್ವಾ ಸಿತ್ ಹಿಯಾಮ್? ಅವರು ನಮ್ಮ ಯಜಮಾನರ ವಂಶಕ್ಕೂ ಮೂಲದ ಅಜ್ಜ. ತಿಳ್ಕೊಂಡಿರೋಣ ಅಂತ ಕೇಳ್ದೆ ಅಷ್ಟೆ."

ಪಕ್ಕದ ಗ್ರಂಥಾಲಯದಲ್ಲಿ ಸುಣ್ಣದ ಕುಂಚ ಗೋಡೆಯ ಮೇಲೆ ಸರ್ರನೆ ಓಡುವುದು ಕೇಳುತ್ತಿತ್ತು. ಸಿತ್ ಹಿಯಾಮ್ ಹಲಗೆಯ ಮೇಲಿನ ಮೂವತ್ತನ್ನು ನೋಡಿದರು. ತಮ್ಮ ಮುತ್ತಜ್ಜನ ಅಪ್ಪ ಅದರೊಳಗೆ, ಇಪ್ಪತ್ತಾರು ವರ್ಷದ ಖಚಿತ ಲೆಕ್ಕದಿಂದ, ನಾಲ್ಕು ಕಾಲಿನ ಮೇಲೆ ನಿಂತಿದ್ದ. ಅವನನ್ನು ಅಲ್ಲಿ ಕಟ್ಟಿದವರು ತಾವೇ.

ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು.

"ಲೆಕ್ಕ ಸರಿ," ಅಂದರು. ಫ್ಲಾಸ್ಕಿನ ಮುಚ್ಚಳ ಬಿಗಿ ಮಾಡಿ, "ಮಾತು ತಪ್ಪು."

ಯಾರಾ ಪೆನ್ನು ಎತ್ತಿದಳು. "ಅದನ್ನ ಮುಳ್ಳುಹಂದಿ ಹಿಡ್ಕೊಂಡು ಇನ್ನೊಂದ್ಸಲ..."

"ಬೇಡ," ಅಂದಳು ಇಬ್ತಿಸಾಮ್.

ಗೈದಾ ಹಲಗೆಯ ಹತ್ತಿರವೇ ನಿಂತಿದ್ದಳು. "ನನ್ನದೂ ತಪ್ಪಾಯ್ತು ಮಿಸ್."

"ಯಾವುದು? ಅರವತ್ತೆರಡಾ?"

"ಅದೂ. ಮತ್ತೆ ಎಲ್ಲರ ಮುಂದೆ ಕೂಡಿಸಿದ್ದು."

ಸಿತ್ ಹಿಯಾಮ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಮೇಜಿನ ಮೇಲಿನ ಎರಡು ಬಟ್ಟಲುಗಳತ್ತ ಗಲ್ಲ ಎತ್ತಿ ತೋರಿಸಿದರು.

"ಕುಡೀರಿ. ಬಂದ ಕೆಲಸ ಆಯ್ತು."

ಕಾಫಿ ಆರಿ ತಣ್ಣಗಾಗಿತ್ತು. ಇಬ್ತಿಸಾಮ್ ಒಂದೇ ಗುಟುಕಿಗೆ ಕುಡಿದು, ಅದಕ್ಕಿಂತ ರುಚಿಯಾದದ್ದನ್ನು ಹನ್ನೊಂದು ವರ್ಷದಲ್ಲಿ ಕುಡಿದಿಲ್ಲ ಅಂದುಕೊಂಡಳು. ಕಿಟಕಿಯ ಕೆಳಗಿನ ಹುಡುಗಿಯರು ಸುದ್ದಿಯನ್ನು ಅಂಗಳದುದ್ದಕ್ಕೂ ಹೊತ್ತೊಯ್ದರು. ದೂರಿನ ಕಾಗದವನ್ನು ಸಿತ್ ಹಿಯಾಮ್ ನಾಲ್ಕಾಗಿ, ಎಂಟಾಗಿ, ಹದಿನಾರಾಗಿ ಹರಿದರು.

ಯಾರಾಳ ವರದಿ ಆಮೇಲೆ ಬಂತು. ಮುಳ್ಳುಹಂದಿಯ ಬಳಕೆಯಿಂದ ಒಂದೇ ಬೈಠಕ್ಕಿನಲ್ಲಿ ಪೂರ್ಣ ರಾಜಿಯಾದ ನಾಡಿನ ಮೊದಲ ಶಾಲೆ ಇದು ಎಂದಿತ್ತು. 'ಇಬ್ಬರು ಮೊದಮೊದಲು ಕಾಫಿ ನಿರಾಕರಿಸಿದರು. ಪರಿಸರ ಹಿತವೆನಿಸಿದ ಮೇಲೆ ಕುಡಿದರು' ಎಂದೂ ಇತ್ತು. ಕೆಳಗೆ, ಬೇರೆ ಶಾಯಿಯಲ್ಲಿ, ಕಟ್ಟಡ ವಿಭಾಗದ ಷರಾ: ಬಿರುಕು ಮುಚ್ಚಲಾಗಿದೆ, ಸುಣ್ಣ ಎರಡು ಕೋಟು.

ಮುಂದಿನ ಭಾನುವಾರ ಎರಡನೆಯ ಪೀರಿಯಡ್ಡಿಗೆ ಇಬ್ತಿಸಾಮ್ ಬೇಕೆಂದೇ ಆ ಕಾರಿಡಾರಿನಲ್ಲಿ ಹಾದಳು. ಕರಿಹಲಗೆ ಪೂರ್ತಿ ಅಳಿಸಿತ್ತು. ಕಿಟಕಿಯ ಪಕ್ಕದ ಬೆಂಚಿನಲ್ಲಿ ಗೈದಾ ಮತ್ತೆ ಹೊರಗೆ ನೋಡುತ್ತಿದ್ದಳು.

"ಅರವತ್ತು," ಎಂದು ಸಿತ್ ಹಿಯಾಮ್ ದನಿ ಎತ್ತಿದರು. ಬರೆಯುತ್ತಿದ್ದ ಪೆನ್ನುಗಳೆಲ್ಲ ನಿಂತವು. ಇಬ್ತಿಸಾಮಳೂ ನಿಂತಳು.

"ಅರವತ್ತನ್ನ ಹನ್ನೆರಡರಿಂದ ಭಾಗಿಸು, ಕಿಟಕಿ ಹತ್ರ ಇರೋಳೇ."

"ಐದು ಮಿಸ್," ಅಂದಳು ಗೈದಾ, ಕಿಟಕಿಯಿಂದ ತಿರುಗದೆ.