ಒಂಚೂರು ಹಿಡ್ಕೊಳ್ಳಿ

"ಈಗ ನಾನೇನು ಮಾಡ್ಲಿ?"

ಸೆರಗನ್ನು ಸೊಂಟಕ್ಕೆ ಬಿಗಿದು, ಚರ್ಚಿನ ಹಿಂದಿನ ಅಡುಗೆಕೋಣೆಯ ಬಾಗಿಲಲ್ಲಿ ನಿಂತು ಸೊಸೆ ಹಾಗೆ ಕೇಳಿದಾಗ ಯಾರೂ ತಲೆಯೆತ್ತಲಿಲ್ಲ. ಅವಳು ಕೇಳಿದ್ದೂ ಇಂಥವರನ್ನೆಂದಲ್ಲ. ಉತ್ತರ ಹೇಳಬೇಕಾಗಿದ್ದವರು ಅತ್ತೆ. ಅವರು ಈಗ ಮುಂದೆ, ಪೀಠದ ಕೆಳಗೆ, ಬಿಳಿ ಹೂಗಳ ನಡುವೆ ಪೆಟ್ಟಿಗೆಯೊಳಗೆ ಜೀವಮಾನದಲ್ಲೇ ಮೊದಲ ಸಲ ಕೈಕಟ್ಟಿ ಸುಮ್ಮನೆ ಮಲಗಿದ್ದರು.

ಅಡುಗೆಕೋಣೆಯಲ್ಲಿ ಕೆಲಸ ಮಾತ್ರ ಭರದಿಂದ ಸಾಗಿತ್ತು. ಎಲೆಕ್ಟ್ರಿಷಿಯನ್ ಚಹಾದ ಹಂಡೆಯ ಮುಂದೆ ಸೌಟು ಹಿಡಿದು ನಿಂತಿದ್ದ. ಹಲ್ಲಿನ ಡಾಕ್ಟರು ಬನ್ನುಗಳನ್ನು ಸೀಳಿ ಬೆಣ್ಣೆ ಸವರುತ್ತಿದ್ದರು. ನಿವೃತ್ತ ಪೊಲೀಸಪ್ಪ ಲೋಟಗಳನ್ನು ಪರೇಡಿಗೆ ನಿಲ್ಲಿಸಿದಂತೆ ಸಾಲಾಗಿ ಜೋಡಿಸಿ, ಸಾಲು ತಪ್ಪಿದ್ದನ್ನು ಗದರಿಸುವ ಹಾಗೆ ನೋಡುತ್ತಿದ್ದ. ಇವರಲ್ಲಿ ಒಬ್ಬರೂ ಸೇವೆ ಮಾಡುತ್ತೇವೆಂದು ತಾವಾಗಿ ಬಂದವರಲ್ಲ. ಎಲ್ಲರೂ ಬಲೆಗೆ ಬಿದ್ದವರು.

ಅತ್ತೆಯ ಬಲೆ ಬಲು ಸರಳ. ಅವರು ಯಾರ ಬಳಿಯೂ ಸಹಾಯ ಕೇಳಿದವರಲ್ಲ. ಕೈಯಲ್ಲಿದ್ದುದನ್ನು ಎದುರು ಸಿಕ್ಕವರ ಕೈಗೆ ತುರುಕಿ, "ಒಂಚೂರು ಹಿಡ್ಕೊಳ್ಳಿ, ಬಂದೆ" ಎಂದು ಹೊರಟುಬಿಡುತ್ತಿದ್ದರು. ಬರುತ್ತಿರಲಿಲ್ಲ. ಫ್ಯೂಸ್ ಹಾಕಲು ಬಂದ ಎಲೆಕ್ಟ್ರಿಷಿಯನ್ ಕೈಗೆ ಸೌಟು ಕೊಟ್ಟು ಹೋದವರು, ಅವನಿಗೆ ಮದುವೆಯಾಗಿ ಮಕ್ಕಳು ಶಾಲೆ ಸೇರಿದರೂ ಅದನ್ನು ವಾಪಸು ಇಸಿದುಕೊಂಡಿರಲಿಲ್ಲ. ಬೀದಿಯ ಕ್ಷೌರಿಕನ ಕೈಗೆ ಆಸ್ಪತ್ರೆಯಲ್ಲಿ ಒಬ್ಬ ದಿಕ್ಕಿಲ್ಲದ ರೋಗಿಯ ಗಲ್ಲ ಹಿಡಿಸಿದ್ದರು. ಅವನು ಈಗಲೂ ವಾರಕ್ಕೊಮ್ಮೆ ಕತ್ತಿ ಮಸೆದುಕೊಂಡು ಆ ವಾರ್ಡಿಗೆ ಹೋಗುತ್ತಾನೆ. ಬೆನ್ನ ಹಿಂದೆ ಎಲ್ಲರೂ ಅವರನ್ನು 'ಹಿಡ್ಕೊಳ್ಳಮ್ಮ' ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಒಳಗೊಳಗೇ ಇಷ್ಟವೂ ಆಗಿತ್ತು.

ಇಡೀ ಸಭೆಯಲ್ಲಿ 'ಒಂಚೂರು ಹಿಡ್ಕೋ' ಎಂದು ಅವರಿಂದ ಹೇಳಿಸಿಕೊಳ್ಳದೆ ಉಳಿದವಳು ಸೊಸೆಯೊಬ್ಬಳೇ. ಮಗ ಸೊಸೆಯ ಮನೆ ಊರಿನ ಇನ್ನೊಂದು ತುದಿಯಲ್ಲಿ, ಭೇಟಿಯಾಗುವುದು ಭಾನುವಾರ ಚರ್ಚಿನಲ್ಲಿ. ಅವಳು ಬಂದಳೋ ಇಲ್ಲವೋ ಅತ್ತೆ ಒಂದು ಕುರ್ಚಿ ಎಳೆದು "ಕೂತ್ಕೋ" ಎನ್ನುತ್ತಿದ್ದರು. ಅವಳ ಕೈಗೆ ಒಂದು ಚಮಚವನ್ನೂ ಕೊಟ್ಟವರಲ್ಲ. ನೆಂಟರನ್ನು ಕೂರಿಸುತ್ತಾರೆ, ಮನೆಯವರಿಗೆ ಕೆಲಸ ಹೇಳುತ್ತಾರೆ. ಇಷ್ಟನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇವತ್ತಾದರೂ ಈ ಅಡುಗೆಕೋಣೆಯಲ್ಲಿ ಏನನ್ನಾದರೂ ಹಿಡಿದೇ ಮನೆಗೆ ಹೋಗುವುದು ಎಂದು ಬೆಳಿಗ್ಗೆಯೇ ನಿಶ್ಚಯಿಸಿಕೊಂಡಿದ್ದಳು.

"ನೀನ್ಯಾಕೆ ಇಲ್ಲಿ ನಿಂತಿದ್ದೀಯ? ಹೋಗಿ ಮುಂದೆ ಕೂತ್ಕೋ ಹೋಗು," ಎಂದರು ಹಾಡು ಕಲಿಸುವ ಟೀಚರಮ್ಮ, ಅವಳನ್ನು ದಾಟಿ ಸಕ್ಕರೆ ಡಬ್ಬ ಒಯ್ಯುತ್ತ.

"ನಾನೂ ಏನಾದ್ರೂ ಮಾಡ್ತೀನಿ ಟೀಚರ್."

"ಅಯ್ಯೋ, ಅವರಿದ್ದಾಗಲೇ ನಿನ್ನ ಕೈಲಿ ಮಾಡಿಸ್ಲಿಲ್ಲ. ಈಗೇನು ಹೊಸದಾಗಿ?"

ಟೀಚರಮ್ಮ ಚುಚ್ಚಬೇಕೆಂದು ಆಡಿದ ಮಾತಲ್ಲ. ಆದರೂ ಚುಚ್ಚಿತು.

*

ಸೊಸೆ ಸಿಟಿ ಬಸ್ಸಿನ ಕಂಡಕ್ಟರ್. ಮದುವೆಯಾದ ಹೊಸತರಲ್ಲಿ ಒಂದು ದಿನ ಅತ್ತೆ ಹೇಳದೆ ಕೇಳದೆ ಅವಳ ಬಸ್ಸು ಹತ್ತಿದರು. ಕಾಲಿಡಲು ಜಾಗವಿಲ್ಲದ ಹೊತ್ತು. ಕಂಡಕ್ಟರ್ ಸೀಟಿನಲ್ಲಿ ಆಗಲೇ ಒಬ್ಬ ಬಸುರಿಯನ್ನು ಕೂರಿಸಿಯಾಗಿತ್ತು. ಯಾರನ್ನೋ ಎಬ್ಬಿಸಿ ಅತ್ತೆಗೆ ಕಿಟಕಿ ಪಕ್ಕದ ಜಾಗ ಕೊಡಿಸಿದಳು.

"ಎಲ್ಲಿಗೆ ಅತ್ತೆ?"

"ಕೊನೇವರೆಗೂ ಕೊಡು. ಹಾಗೇ ವಾಪಸ್ಸಿಗೂ."

ಅತ್ತೆಯ ಮುಂದೆ ತನ್ನ ಜಾಣತನ ತೋರಿಸಬೇಕೆಂದು ಅವಳಿಗೆ ಹುರುಪು. ಬಾಗಿಲಲ್ಲಿ ಜೋತುಬಿದ್ದವನನ್ನು ನೋಡಿ, "ಒಳಗೆ ಬನ್ನಿ ಸಾರ್! ನಿಮ್ಮ ಕಾಲು ಒಂದು ಸ್ಟಾಪಲ್ಲಿ ಇಳಿದು, ತಲೆ ಇನ್ನೊಂದು ಸ್ಟಾಪಲ್ಲಿ ಇಳಿದ್ರೆ ನಾನು ಎರಡು ಟಿಕೆಟ್ ಕೊಡಬೇಕಾಗುತ್ತೆ!" ಎಂದು ಕೂಗಿದಳು. ಇಡೀ ಬಸ್ಸು ನಕ್ಕಿತು. ಅತ್ತೆ ನಗಲಿಲ್ಲ. ತಲೆ ತಗ್ಗಿಸಿ ಅವಳ ಕಾಲಿನ ಕಡೆಗೇ ನೋಡುತ್ತ ಕೂತಿದ್ದರು. ಇಳಿಯುವಾಗಲೂ ಒಂದು ಮಾತಿಲ್ಲ.

ಗಂಡಸರ ನಡುವೆ ಗಂಟಲು ಹರಿದುಕೊಳ್ಳುವ ಸೊಸೆ ಅವರಿಗೆ ಒಗ್ಗಲಿಲ್ಲ, ತಲೆಯೆತ್ತಿ ನೋಡಲೂ ನಾಚಿಕೆಯಾಯಿತು ಎಂದುಕೊಂಡಳು. ಕುರ್ಚಿಯ ಮರ್ಯಾದೆ ಶುರುವಾದದ್ದು ಅದರ ಮುಂದಿನ ಭಾನುವಾರ.

*

ಪ್ರಾರ್ಥನೆಯ ನಡುವೆ ಪಾದ್ರಿಗಳು ಕನ್ನಡಕ ತೆಗೆದು ಒರೆಸಿಕೊಂಡರು.

"ನಾನು ಈ ಸಭೆಗೆ ಬಂದ ಮೊದಲನೇ ದಿನ ಆ ತಾಯಿ ನನ್ನ ಕೈಗೆ ಯಾರದೋ ಮಗು ಕೊಟ್ಟು, ಒಂಚೂರು ಹಿಡ್ಕೊಳ್ಳಿ ಫಾದರ್ ಅಂದ್ರು. ಅದರ ಅಮ್ಮ ಸಿಗೋಷ್ಟರಲ್ಲಿ ನನ್ನ ಬಿಳೀ ನಿಲುವಂಗಿಗೆ ಅದು ದೀಕ್ಷಾಸ್ನಾನ ಮಾಡಿಸಿತ್ತು."

ನಗೆ ಸಾಲಿನಿಂದ ಸಾಲಿಗೆ ಹರಿಯಿತು. ಮುಂದಿನ ಬೆಂಚಿನಲ್ಲಿ ಮಾವ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು.

"ನಂದೂ ಅದೇ ಕತೆ ಫಾದರ್. ಛತ್ರಿ ಹಿಡ್ಕೊಳ್ಳಿ ಅಂದ್ಲು. ಹಿಡ್ಕೊಂಡೆ. ಮದುವೇನೇ ಆಗೋಯ್ತು."

"ಇವರ ಆತ್ಮಕ್ಕೆ ವಿಶ್ರಾಂತಿ ದೊರೆಯಲಿ," ಎಂದು ಪಾದ್ರಿಗಳು ಮುಗಿಸಿದಾಗ ಹಿಂದಿನಿಂದ ಕ್ಷೌರಿಕನ ಪಿಸುಮಾತು ಕೇಳಿಸಿತು: "ಎಲ್ಲಿಯ ವಿಶ್ರಾಂತಿ! ಇಷ್ಟೊತ್ತಿಗೆ ದೇವದೂತರ ಕೈಗೆಲ್ಲ ಏನೇನು ಕೊಟ್ಟು ಹೋಗಿದ್ದಾರೋ."

ಸೊಸೆಗೂ ನಗು ಬಂತು. ನಗುವಿನ ಬಾಲ ಹಿಡಿದುಕೊಂಡು ಅಳುವೂ ಬಂತು. ಪೆಟ್ಟಿಗೆ ಎತ್ತುವಾಗ ಗಂಡನ ಪಕ್ಕಕ್ಕೆ ಹೋಗಿ ಹಿಡಿಗೆ ಕೈ ಹಾಕಿದಳು. "ಬಿಡಮ್ಮ, ನಾವಿದ್ದೀವಲ್ಲ," ಎಂದು ಪೊಲೀಸಪ್ಪ ಮೆಲ್ಲನೆ ಅವಳ ಬೆರಳು ಬಿಡಿಸಿ ತಾನೇ ಹಿಡಿದುಕೊಂಡ. ಸಮಾಧಿಯ ಬಳಿ ಒಂದು ಹಿಡಿ ಮಣ್ಣು ಹಾಕಿದಳು. ಅದು ಬಂದವರೆಲ್ಲರ ಪಾಲಿಗೂ ಸಿಕ್ಕಿದ್ದೇ.

ಮರಳಿದವಳು ನೇರ ಅಡುಗೆಕೋಣೆಗೆ ನುಗ್ಗಿದಳು. ಎಲೆಕ್ಟ್ರಿಷಿಯನ್ ಲೋಟಗಳಿಗೆ ಚಹಾ ತುಂಬಿ ತಟ್ಟೆ ಎತ್ತುತ್ತಿದ್ದ.

"ಆ ತಟ್ಟೆ ಇಲ್ಲಿ ಕೊಡಣ್ಣ."

"ನೀವು ಕೂತ್ಕೊಳ್ಳಿ ಕಂಡಕ್ಟರಮ್ಮ, ಅಲ್ಲಿಗೇ ಬರುತ್ತೆ."

"ಎಲ್ಲರೂ ಅದನ್ನೇ ಹೇಳಿ!" ಬಸ್ಸಿನ ಗಂಟಲು ತಾನಾಗಿ ಹೊರಬಿತ್ತು. "ಅತ್ತೆಗೆ ನಾನು ಬೇಡವಾಗಿದ್ದೆ, ಸರಿ. ಬೀದಿಲಿ ಹೋಗೋರನ್ನೆಲ್ಲ ಹಿಡಿದು ಕೆಲಸ ಕೊಟ್ರು, ನನಗೆ ಕೊಡ್ಲಿಲ್ಲ. ಇವತ್ತಾದ್ರೂ ನಾನು ಈ ಮನೆಯವಳು ಅನ್ನಿಸ್ಕೋಬಾರ್ದಾ?"

ಡಾಕ್ಟರು ಚಾಕು ಕೆಳಗಿಟ್ಟರು. ಎಲೆಕ್ಟ್ರಿಷಿಯನ್ ಪೊಲೀಸಪ್ಪನ ಮುಖ ನೋಡಿದ.

"ಬೇಡವಾಗಿದ್ರಾ? ಯಾರು ಹೇಳಿದ್ದು ನಿಮಗೆ?" ಎಂದ ಎಲೆಕ್ಟ್ರಿಷಿಯನ್.

"ಯಾರಾದ್ರೂ ಹೇಳ್ಬೇಕಾ? ನನಗೆ ಕಣ್ಣಿಲ್ವಾ?"

"ಒಂದ್ಸಲ ಕೈ ನೋವು ಅಂತ ನಾನು ಈ ಸೌಟು ನಿಮಗೆ ಕೊಡೋಕೆ ಹೊರಟಿದ್ದೆ. ಅಮ್ಮ ನನ್ನ ಕಾಲರ್ ಹಿಡಿದು ಹಿಂದಕ್ಕೆಳೆದ್ರು. ಏನು ಬೈಗುಳ ಅಂತೀರಿ! 'ಊರಿನ ಜನ ಕೂತು ಹೋಗ್ಲಿ ಅಂತ ಇವಳು ದಿನಾ ನಿಂತಿರ್ತಾಳೆ ಕಣೋ. ಆ ತುದಿಯಿಂದ ಈ ತುದಿವರೆಗೂ ಹೋಗಿ ನೋಡ್ಕೊಂಡು ಬಂದಿದ್ದೀನಿ. ಪಾದ ಬಾತು ಚಪ್ಪಲಿಯಿಂದ ಹೊರಗೆ ಬಂದಿತ್ತು, ಹುಡುಗಿ ನಗಿಸ್ತಾನೇ ಇದ್ಲು. ದೇವರ ಮನೇಲಾದ್ರೂ ಕೂರ್ಲಿ. ಅವಳ ಕೈಗೆ ಏನಾದ್ರೂ ಕೊಟ್ಟೆಯೋ, ನಿನ್ನನ್ನ ಸುಮ್ನೆ ಬಿಡಲ್ಲ' ಅಂತ."

"ನನಗೂ ವಾರ್ನಿಂಗ್ ಆಗಿದೆ," ಎಂದ ಪೊಲೀಸಪ್ಪ.

"ನನಗೆ ಪ್ರತಿ ಭಾನುವಾರ," ಎಂದರು ಡಾಕ್ಟರು.

ತಟ್ಟೆಗೆಂದು ಚಾಚಿದ್ದ ಕೈಗಳನ್ನು ಸೊಸೆ ಕೆಳಗಿಳಿಸಿದಳು. ಹಂಡೆಯ ಹಬೆ ಮುಖಕ್ಕೆ ಬಡಿಯುತ್ತಿತ್ತು.

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಕೂರ್ತಿದ್ರಾ?"

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಒರೆಸಿದಷ್ಟೂ ಒದ್ದೆಯಾಗುತ್ತಿತ್ತು, ಅದರ ನಡುವೆ ನಗುವೂ ಉಕ್ಕುತ್ತಿತ್ತು. ಆಮೇಲೆ, ಹಠಮಾರಿ ಹೆಣ್ಣು, ಮತ್ತೆ ಎರಡೂ ಕೈ ಮುಂದೆ ಚಾಚಿದಳು.

"ಸರಿ, ಗೊತ್ತಾಯ್ತು. ಈಗ ಕೊಡಣ್ಣ. ಒಂದೇ ಒಂದ್ಸಲ. ಅತ್ತೆಗೋಸ್ಕರ."

ಎಲೆಕ್ಟ್ರಿಷಿಯನ್ ತುಂಬಿದ ತಟ್ಟೆಯನ್ನು ತಲೆಯ ಮೇಲಕ್ಕೆತ್ತಿದ. ಡಾಕ್ಟರು ಬನ್ನಿನ ಬುಟ್ಟಿಯನ್ನು ಎದೆಗವಚಿಕೊಂಡರು. ಪೊಲೀಸಪ್ಪ ತನ್ನ ಕೈಯಲ್ಲಿದ್ದ ಲೋಟಗಳನ್ನು ಚಿಕ್ಕ ಮಕ್ಕಳ ಹಾಗೆ ಬೆನ್ನ ಹಿಂದೆ ಅಡಗಿಸಿಕೊಂಡು ಗೋಡೆಗೆ ಒತ್ತಿ ನಿಂತ.

"ಕೊಡಲ್ಲ," ಎಂದ ಎಲೆಕ್ಟ್ರಿಷಿಯನ್.