ಅವನು ನನ್ನ ಕೈ ಹಿಡಿಯಲಿಲ್ಲ

ಮದುವೆಯಾಗಿ ಮೂರು ವರ್ಷ ತುಂಬಿದ ಶನಿವಾರ ಯಶಶ್ರೀ ಮತ್ತು ಲೋಹಿತ್ ಬೆಳಗಿನ ಐದು ಗಂಟೆಗೆ ಬೆಂಗಳೂರಿನ ಶ್ರೀರಾಂಪುರದ ಮನೆಯಿಂದ ಚಿಕ್ಕಮಗಳೂರಿಗೆ ಕಾರಿನಲ್ಲಿ ಹೊರಟರು. ಒಂದೇ ದಿನದ ಪ್ರವಾಸ. ಊರಾಚೆ ಹೊಸದಾಗಿ ತೆರೆದಿದ್ದ, ಬಿಯರ್ ತಯಾರಿಸಿ ಅಲ್ಲೇ ಕುಡಿಯಲು ಕೊಡುವ ಎರಡು ಬ್ರೂವರಿಗಳನ್ನು ಲೋಹಿತ್ ಆರಿಸಿಕೊಂಡಿದ್ದ. ಜಲಪಾತ ಯಶಶ್ರೀಯ ಆಸೆ. ಅವಳು ಮಲ್ಲೇಶ್ವರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಉತ್ತರಪತ್ರಿಕೆಗಳನ್ನೆಲ್ಲ ಶುಕ್ರವಾರವೇ ತಿದ್ದಿ ಮುಗಿಸಿ, ನೀರಿಗಿಳಿಯಲೆಂದು ಒಂದು ಜೊತೆ ಬಟ್ಟೆ ಹೆಚ್ಚಿಗೆ ಇಟ್ಟುಕೊಂಡಿದ್ದಳು. ಲೋಹಿತನ ತಂದೆ ದೊಡ್ಡಬೈರಪ್ಪ ಮಾಗಡಿ ಕಡೆಯ ಹಳ್ಳಿಯಿಂದ ಬಂದು ಶ್ರೀರಾಂಪುರದಲ್ಲಿ ನಾಲ್ಕು ಕಟ್ಟಡ ಕಟ್ಟಿಸಿದವರು, ಒಂದು ಸಲ ಕಾರ್ಪೊರೇಟರ್ ಆಗಿದ್ದವರು. ಆ ಕಟ್ಟಡಗಳನ್ನು ನೋಡಿಕೊಳ್ಳುವುದೇ ಲೋಹಿತನ ಕೆಲಸ.

ಲೋಹಿತನಿಗೆ ಮಾತಿಗಿಂತ ಕೈ ಮುಂದು. ಬಾಡಿಗೆದಾರನೊಬ್ಬನಿಗೆ ಹೊಡೆದಿದ್ದ, ಆಟೋದವನಿಗೆ ಹೊಡೆದಿದ್ದ, ತಂಗಿಯ ಮದುವೆಯಲ್ಲಿ ಅಡುಗೆಯವನ ಮೇಲೆ ಸೌಟು ಎಸೆದಿದ್ದ. ಹೆಂಡತಿಯ ಮೇಲೆ ಮಾತ್ರ ಕೈ ಎತ್ತಿರಲಿಲ್ಲ. ಸಿಟ್ಟು ಇಳಿದ ಮೇಲೆ ಅವಳಿಗೆ ದೋಸೆ ಕಟ್ಟಿಸಿಕೊಂಡು ಬರುತ್ತಿದ್ದ, ದಿನವಿಡೀ ನಿಂತು ಪಾಠ ಮಾಡಿದ ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದ. ‘ನನಗಂತೂ ಹೊಡೆಯಲ್ಲವಲ್ಲ’ ಎಂದು ಮೂರು ವರ್ಷ ಅವಳು ತನಗೆ ತಾನೇ ಹೇಳಿಕೊಂಡು ಬಂದಿದ್ದಳು.

ನೆಲಮಂಗಲ ದಾಟಿದ ಮೇಲೆ ಬೈಕಿನವನೊಬ್ಬ ಕಾರಿನ ಕನ್ನಡಿಗೆ ಉಜ್ಜಿಕೊಂಡು ಮುಂದೆ ಹೋದ. ಲೋಹಿತ್ ಬೆನ್ನಟ್ಟಿ ಅಡ್ಡಹಾಕಿ ಇಳಿದ. ಹೆಲ್ಮೆಟ್ ಕಿತ್ತುಕೊಂಡು, ಅದೇ ಹೆಲ್ಮೆಟ್ಟಿನಿಂದ ಅವನ ಬಾಯಿಗೆ ಒಂದೇಟು ಬಿಟ್ಟ. ಬೈಕಿನವನು ರಕ್ತ ಉಗುಳುತ್ತ ಕೈ ಮುಗಿದ.

“ಹೆಂಗೆ ಮುಚ್ಕೊಂಡ್ ನಿಂತ ನೋಡ್ದ್ಯಾ?” ಕಾರು ಹತ್ತುತ್ತ ಲೋಹಿತ್ ನಕ್ಕ.

“ಇವತ್ತೊಂದಿನ ಬೇಡ ರೀ” ಎಂದಳು ಯಶಶ್ರೀ.

“ಆಯ್ತು ಬಿಡು. ಇವತ್ತು ನಿನ್ ದಿನ.”

ಮಾತಿಗೆ ತಪ್ಪುವುದಿಲ್ಲವೇನೋ ಎಂಬಂತೆ ಬೆಳಗು ಚೆನ್ನಾಗಿಯೇ ಕಳೆಯಿತು. ದಾರಿಯಲ್ಲಿ ತಟ್ಟೆ ಇಡ್ಲಿ ತಿಂದರು. ಚಿಕ್ಕಮಗಳೂರಿನ ಪೇಟೆ ಬೀದಿಯಲ್ಲಿ ಕಾಫಿ ಬೀಜ ಹುರಿಯುವ ಅಂಗಡಿಯ ಮುಂದೆ ನಿಂತು ಅವಳು ವಾಸನೆ ಹೀರಿಕೊಂಡಳು. ಅವನು ತನ್ನ ಅವ್ವನಿಗೆಂದು ಅರ್ಧ ಕೆಜಿ ಪುಡಿ ಕೊಂಡ. ಮೊದಲನೆಯ ಬ್ರೂವರಿಯಲ್ಲಿ ಗಾಜಿನ ಗೋಡೆಯ ಆಚೆ ದೊಡ್ಡ ತಾಮ್ರದ ಹಂಡೆಗಳಿದ್ದವು. ಕಾಫಿ ಬೆರೆಸಿದ ಕಪ್ಪು ಬಿಯರನ್ನು ಯಶಶ್ರೀ ಒಂದು ಗುಟುಕು ಕುಡಿದು ಮುಖ ಕಿವುಚಿದಳು, ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಎರಡನೆಯ ಬ್ರೂವರಿಗೆ ಬರುವ ಹೊತ್ತಿಗೆ ಲೋಹಿತನದು ನಾಲ್ಕು ಮಗ್ ಆಗಿತ್ತು. ಅಲ್ಲಿ ಪಕ್ಕದ ಮೇಜಿನವರು ಅವಳನ್ನು ನೋಡುತ್ತಿದ್ದಾರೆಂದು ಅವನು ಮಗ್ಗನ್ನು ಮೇಜಿನ ಅಂಚಿಗೆ ಒಡೆದ. ಅವನ ಅಂಗೈ ಸೀಳಿತು. ಯಶಶ್ರೀ ಕರ್ಚೀಫು ಸುತ್ತಿ, ಹಣ ಕಟ್ಟಿ, ಅವನನ್ನು ಹೊರಗೆ ಕರೆದುಕೊಂಡು ಬಂದಳು.

“ಮನೆಗೆ ಹೋಗಣ.”

“ಫಾಲ್ಸ್ ನೋಡ್ದೆ ಹೋಗದಾ? ನಡಿ.”

ಜಲಪಾತಕ್ಕೆ ಬಾಡಿಗೆ ಜೀಪಿನಲ್ಲೇ ಹೋಗಬೇಕಿತ್ತು. ಜೀಪುಗಳು ನಿಲ್ಲುವ ಜಾಗದಿಂದ ಕೆಳಗೆ ನೂರೈವತ್ತು ಕಲ್ಲುಮೆಟ್ಟಿಲು. ಮೇಲೆ ನಿಂತಿದ್ದ ಇನ್ನೊಂದು ಜೀಪಿನೊಳಗೆ ವಯಸ್ಸಾದ ಹೆಂಗಸೊಬ್ಬರು ಕೋಲು ಹಿಡಿದು ಕೂತಿದ್ದರು. ಯಶಶ್ರೀಯನ್ನು ಕಂಡು ಅವರೇ ಮಾತಿಗೆಳೆದರು. ಹೆಸರು ಗಿರಿಜಾಂಬಾ, ಗವಿಪುರದವರು.

“ನೀವೂ ಬೆಂಗಳೂರಾ? ಹೋಗ್ಬನ್ನಿ ಹೋಗ್ಬನ್ನಿ. ನಂಗೆ ಮಂಡಿ ಆಪರೇಷನ್ ಆಗಿದೆ, ಇಳಿಯಕ್ಕಾಗಲ್ಲ. ನನ್ ಮಗ ಅಮರ್ ಕೆಳಗೆ ಹೋಗಿದಾನೆ, ವಿಡಿಯೋ ಮಾಡ್ಕೊಂಡ್ ಬಂದು ತೋರಿಸ್ತಾನಂತೆ.”

ಯಶಶ್ರೀ ನಕ್ಕು ಕೆಳಗಿಳಿದಳು.

ನೀರು ಮಂಜಿನಂತೆ ತಣ್ಣಗಿತ್ತು. ಅವಳು ಮೊಣಕಾಲುದ್ದದ ನೀರಿನಲ್ಲಿ ನಿಂತು ಮುಖಕ್ಕೆ ಸಿಡಿಯುವ ಹನಿಗಳಿಗೆ ಕಣ್ಣು ಮುಚ್ಚಿದಳು. ಕಣ್ಣು ತೆರೆದಾಗ ಹತ್ತು ಅಡಿ ದೂರದಲ್ಲಿ ತೆಳ್ಳಗಿನ ಹುಡುಗನೊಬ್ಬ ಫೋನು ಮೇಲಕ್ಕೆತ್ತಿ ಜಲಪಾತವನ್ನು ಚಿತ್ರೀಕರಿಸುತ್ತ, “ನೋಡಮ್ಮಾ, ಮೇಲಿಂದ ಹೆಂಗೆ ಬೀಳ್ತಾ ಇದೆ” ಎನ್ನುತ್ತಿದ್ದ. ಅವನೇ ಅಮರ್ ಎಂದು ಅವಳಿಗೆ ತಕ್ಷಣ ಗೊತ್ತಾಯಿತು. ಲೋಹಿತನಿಗೆ ಕಂಡದ್ದು ಒದ್ದೆ ಬಟ್ಟೆಯ ಹೆಂಡತಿ ಮತ್ತು ಅವಳ ಕಡೆ ತಿರುಗಿದ ಫೋನು.

“ಏಯ್! ಯಾರ್ ವಿಡಿಯೋ ಮಾಡ್ತಿದೀಯ ಲೇ?”

“ಫಾಲ್ಸ್‌ದು ಸಾರ್. ಅಮ್ಮ ಮೇಲಿದಾರೆ, ಅವ್ರಿಗೆ...”

ಮಾತು ಮುಗಿಯುವ ಮೊದಲೇ ಲೋಹಿತ್ ಅವನ ಮುಖಕ್ಕೆ ಗುದ್ದಿದ. ಫೋನು ನೀರಿಗೆ ಬಿದ್ದು ಕೊಚ್ಚಿಹೋಯಿತು. ಅಮರ್ ಬಂಡೆಯ ಮೇಲೆ ಅಂಗಾತ ಬಿದ್ದ. ಲೋಹಿತ್ ಅವನ ಎದೆಯ ಮೇಲೆ ಮಂಡಿಯೂರಿ ಕೂತ. “ಅವ್ರಮ್ಮನಿಗೆ ಕಣ್ರೀ, ನಂಗೊತ್ತು, ಬಿಡ್ರೀ!” ಎಂದು ಯಶಶ್ರೀ ಕಿರುಚುತ್ತ ಅವನ ಅಂಗಿ ಹಿಡಿದೆಳೆದಳು. ಅವನ ಮೊಣಕೈ ತಾಗಿ ಅವಳು ನೀರಿಗೆ ಬಿದ್ದಳು. ಎದ್ದು ನೋಡುವಷ್ಟರಲ್ಲಿ ಅವನ ಕೈಯಲ್ಲಿ ಕಲ್ಲಿತ್ತು. ಒಂದು, ಎರಡು, ಮೂರು. ನೀರಿನ ಆ ಭೋರ್ಗರೆತದ ನಡುವೆಯೂ ಮೂಳೆ ಮುರಿದ ಸದ್ದು ಅವಳಿಗೆ ಕೇಳಿಸಿತು. ಕಿರುಚಾಟಕ್ಕೆ ಮೆಟ್ಟಿಲ ಬುಡದಿಂದ ಓಡಿಬಂದ ಇಬ್ಬರು ಜೀಪು ಡ್ರೈವರುಗಳು ಲೋಹಿತನನ್ನು ಎಳೆದು ಕೆಡವಿದರು. ಅಮರನ ಎಡಗಣ್ಣು ಇದ್ದ ಜಾಗದಲ್ಲಿ ರಕ್ತ ಬಿಟ್ಟರೆ ಬೇರೇನೂ ಕಾಣಿಸುತ್ತಿರಲಿಲ್ಲ.

ಮೆಟ್ಟಿಲ ಮೇಲೆ ಗಿರಿಜಾಂಬಾ ಬರುತ್ತಿದ್ದರು. ಕೋಲು ಎಲ್ಲೋ ಬಿಟ್ಟು, ಕುಳಿತುಕೊಂಡೇ, ಒಂದೊಂದು ಮೆಟ್ಟಿಲಿನಿಂದ ಕೆಳಗಿನ ಮೆಟ್ಟಿಲಿಗೆ ಜಾರುತ್ತ.

ಪೊಲೀಸರೊಂದಿಗೆ ಠಾಣೆಗೆ ಹೋಗುವ ದಾರಿಯಲ್ಲೇ ಲೋಹಿತ್ ಅಪ್ಪನಿಗೆ ಫೋನು ಮಾಡಿದ್ದ. ಫೋನು ಯಶಶ್ರೀಯ ಕೈಗೆ ಬಂತು.

“ನೋಡಮ್ಮ, ಒಂದೇ ಮಾತು” ಎಂದರು ದೊಡ್ಡಬೈರಪ್ಪ. “ಅವನು ನಿನ್ ಕೈ ಹಿಡ್ದು ಎಳ್ದ, ಅಷ್ಟೇ ಹೇಳು. ಮಿಕ್ಕಿದ್ದು ಲಾಯರು ನೋಡ್ಕೋತಾನೆ.”

“ಮಾವಾ, ಅವನು ಏನೂ ಮಾಡ್ಲಿಲ್ಲ.”

“ಗಂಡ ಜೈಲಿಗೆ ಹೋಗ್ಬೇಕಾ ನಿಂಗೆ?”

ಲೋಹಿತ್ ಅವಳ ಪಕ್ಕಕ್ಕೆ ಸರಿದ. ನಶೆ ಪೂರ್ತಿ ಇಳಿದಿತ್ತು. “ಯಶು, ನಿಂಗೋಸ್ಕರ ತಾನೇ ಹೊಡ್ದಿದ್ದು?” ಎಂದು ಅವಳ ಕೈ ಹಿಡಿದು ಅತ್ತ. ಠಾಣೆಯಲ್ಲಿ ಮಹಿಳಾ ಪೇದೆ ಕೇಳಿದಾಗ ಯಶಶ್ರೀ ತಲೆ ತಗ್ಗಿಸಿ ಹೇಳಿದಳು: “ಅವನು ನನ್ ಕೈ ಹಿಡ್ದು ಎಳ್ದ.” ಬರೆದುಕೊಂಡರು. ಸಹಿ ಹಾಕಿದಳು. ಡ್ರೈವರುಗಳು ಬಂದದ್ದು ಹೊಡೆತ ಶುರುವಾದ ಮೇಲೆ, ಬೇರೆ ಯಾರೂ ನೀರಿನ ಬಳಿ ಇರಲಿಲ್ಲ, ಹಾಗಾಗಿ ಅಮರನನ್ನು ಬಿಟ್ಟರೆ ಅವಳ ಮಾತನ್ನು ಅಲ್ಲಗಳೆಯುವವರಿರಲಿಲ್ಲ. ಲಾಯರು ಬಂದು ಮಾತಾಡಿದ ಮೇಲೆ ಲೋಹಿತನನ್ನು ಬಂಧಿಸದೆ ಬಿಟ್ಟರು, ಗಂಡ ಹೆಂಡತಿ ಬೆಂಗಳೂರಿಗೆ ಮರಳಿದರು.

ಒಂಬತ್ತು ದಿನ ಅವಳು ಶಾಲೆಗೆ ಹೋದಳು, ಬಂದಳು. ಹತ್ತನೆಯ ದಿನ ಆ ಮಹಿಳಾ ಪೇದೆ ಯಾವುದೋ ವಿವರಕ್ಕೆಂದು ಫೋನು ಮಾಡಿ, ಅಮರನ ಮೇಲೂ ಕೇಸು ದಾಖಲಾಗಿದೆ, ಅವನನ್ನು ಬಸವನಗುಡಿ ಕಡೆಯ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದಳು. ಅಂದು ಮಧ್ಯಾಹ್ನ ಯಶಶ್ರೀ ಅರ್ಧ ದಿನ ರಜೆ ಹಾಕಿ ಅಲ್ಲಿಗೆ ಹೋದಳು.

ವಾರ್ಡಿನ ಹೊರಗಿನ ಬೆಂಚಿನಲ್ಲಿ ಗಿರಿಜಾಂಬಾ ಕೂತಿದ್ದರು. ಅವಳನ್ನು ಕಂಡು ಗೋಡೆ ಹಿಡಿದು ಎದ್ದು ನಿಂತರು. ಎದ್ದವರೇ ಅವಳ ಕೆನ್ನೆಗೆ ಬಾರಿಸಿದರು. ಎರಡನೆಯ ಸಲ ಹೊಡೆಯುವಾಗ ಆಯ ತಪ್ಪಿ ಅವಳ ಮೇಲೆಯೇ ವಾಲಿದರು. ಯಶಶ್ರೀ ಹಿಡಿದುಕೊಂಡು ಕೂರಿಸಿದಳು.

“ವಿಡಿಯೋ ಯಾರಿಗೆ ಅಂತ ನಾನೇ ಹೇಳಿದ್ನಲ್ಲೇ ನಿಂಗೆ! ಹೇಳಿದ್ನೋ ಇಲ್ವೋ?”

“ಹೇಳಿದ್ರಿ.”

“ನನ್ ಮಗ ಹೆಣ್ಮಕ್ಕಳ ಸ್ಕೂಲಿಗೆ ವ್ಯಾನ್ ಓಡಿಸ್ತಿದ್ದ. ಆರು ವರ್ಷ. ಒಂದ್ ಮಾತು ಬಂದಿರ್ಲಿಲ್ಲ ಅವನ ಮೇಲೆ. ಕಣ್ ಹೋಯ್ತು, ಹೋಗ್ಲಿ. ಆ ಮಕ್ಕಳ ತಾಯಿಂದಿರು ಈಗ ಅವನ್ನ ಏನಂತ ನೋಡ್ತಾರೆ? ಹೇಳು!”

ಯಶಶ್ರೀ ವಾರ್ಡಿನ ಕಡೆ ತಿರುಗಿದಳು. ತೆರೆದ ಬಾಗಿಲಿನಿಂದ ಒಳಗೆ ಮಂಚದ ಮೇಲೆ ಬ್ಯಾಂಡೇಜಿನ ತಲೆ ಕಾಣಿಸಿತು. ಅವನು ಮಲಗಿದ್ದನೋ ಎಚ್ಚರವಿದ್ದನೋ ತಿಳಿಯಲಿಲ್ಲ.

ಮನೆಗೆ ಬಂದಾಗ ಸಂಜೆ ಆರು. ಹಾಲ್‌ನಲ್ಲಿ ದೊಡ್ಡಬೈರಪ್ಪ ಟಿವಿ ನೋಡುತ್ತಿದ್ದರು, ಲೋಹಿತ್ ಸೋಫಾದಲ್ಲಿ ಮಲಗಿದ್ದ. ಅವಳು ಚಪ್ಪಲಿಯನ್ನೂ ಬಿಡದೆ ನಿಂತಲ್ಲೇ ಹೇಳಿದಳು.

“ನಾನು ಸುಳ್ಳು ಹೇಳ್ದೆ ಅಂತ ಬರ್ಕೊಡ್ತೀನಿ. ನಾಳೆನೇ.”

ಲೋಹಿತ್ ಎದ್ದ. ಮೊದಲ ಏಟಿಗೆ ಅವಳ ಕಿವಿಯಲ್ಲಿ ಗುಂಯ್ ಎಂದಿತು. ಜಡೆ ಹಿಡಿದು ಅವಳ ತಲೆಯನ್ನು ಗೋಡೆಗೆ ಚಚ್ಚಿದ. ಬಾಯಿಯೊಳಗೆ ಉಪ್ಪುಪ್ಪಾಯಿತು. “ಬರ್ಕೊಡ್ತೀಯಾ? ಯಾವ್ ಕೈಲಿ ಬರ್ಕೊಡ್ತೀಯಾ?” ಎನ್ನುತ್ತ ಅವಳ ಬಲಗೈಯನ್ನು ಬೆನ್ನ ಹಿಂದಕ್ಕೆ ತಿರುಚಿದ. ಮುಂಗೈ ಹತ್ತಿರ ಏನೋ ಮುರಿಯಿತು.

“ಮುಖಕ್ಕೆ ಹೊಡೀಬೇಡ್ವೋ” ಎಂದರು ದೊಡ್ಡಬೈರಪ್ಪ ಕೂತಲ್ಲಿಂದಲೇ. “ನಾಕ್ ಜನ ನೋಡ್ತಾರೆ.”

ಅಡುಗೆಮನೆಯಿಂದ ಲಕ್ಕಮ್ಮ ಬಂದರು. ಲೋಹಿತನ ತಾಯಿ, ಆ ಮನೆಯಲ್ಲಿ ಗಂಡಸರ ಎದುರು ದನಿ ಎತ್ತಿದವರಲ್ಲ. ಕೈಯಲ್ಲಿ ಮುದ್ದೆ ತಿರುವುತ್ತಿದ್ದ ಕೋಲಿತ್ತು, ಅದರ ತುದಿಗೆ ಬಿಸಿ ಹಿಟ್ಟು ಮೆತ್ತಿತ್ತು. ಅದರಿಂದಲೇ ಮಗನ ಮೊಣಕೈಗೆ ಬೀಸಿದರು. ಅವನು ಕೂಗಿ ಕೈ ಬಿಟ್ಟ. ತಿರುಗಿದವನ ಹೆಗಲಿಗೆ ಮತ್ತೊಂದು.

“ಅವ್ವಾ!”

“ಮುಂದಕ್ ಬಂದ್ರೆ ತಲೆಗೇ ಹಾಕ್ತೀನಿ ಕಣೋ! ನಿಮ್ಮಪ್ಪ ನನ್ನ ಹಿಂಗೇ ಬಡ್ದ, ನೀನು ನೋಡ್ಕೊಂಡೇ ಬೆಳ್ದೆ. ಸಾಕು!” ಲಕ್ಕಮ್ಮ ತೆರೆದ ಬಾಗಿಲಿಗೆ ಬೆನ್ನು ಮಾಡಿ ಮಗನಿಗೆ ಅಡ್ಡ ನಿಂತು ಸೊಸೆಗೆ ಹೇಳಿದರು, “ಹೋಗವ್ವ. ನಿಂತ್ಕೋಬ್ಯಾಡ, ಹೋಗು.”

ಯಶಶ್ರೀ ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದು ಮೆಟ್ಟಿಲಿಳಿದಳು. ಸಿಕ್ಕ ಆಟೋದಲ್ಲಿ ಮಲ್ಲೇಶ್ವರದಲ್ಲಿದ್ದ ಸಹೋದ್ಯೋಗಿ ಕೋಕಿಲಾಳ ಮನೆಗೆ ಹೋದಳು. ಕೋಕಿಲಾ ಅವಳನ್ನು ಆಸ್ಪತ್ರೆಗೂ ಮರುದಿನ ಪರಿಚಯದ ವಕೀಲೆಯೊಬ್ಬರ ಬಳಿಗೂ ಕರೆದೊಯ್ದಳು.

“ಸುಳ್ಳು ದೂರು ಕೊಟ್ಟಿದ್ದಕ್ಕೆ ನಿಮ್ ಮೇಲೂ ಕೇಸ್ ಆಗಬಹುದು” ಎಂದರು ವಕೀಲೆ. “ಯೋಚ್ನೆ ಮಾಡಿ.”

“ಆಗ್ಲಿ ಮೇಡಂ.”

ಆ ವಾರದ ಕೊನೆಗೆ ಚಿಕ್ಕಮಗಳೂರಿನ ನ್ಯಾಯಾಧೀಶರ ಮುಂದೆ ಅವಳು ಹೇಳಿಕೆ ಕೊಟ್ಟಳು. ಅವನು ನನ್ನ ಕೈ ಹಿಡಿಯಲಿಲ್ಲ. ಅವನು ತನ್ನ ತಾಯಿಗೆ ನೀರು ತೋರಿಸುತ್ತಿದ್ದ. ನನ್ನ ಗಂಡ ಕಲ್ಲಿನಿಂದ ಮೂರು ಸಲ ಹೊಡೆದ. ನಾನು ಸುಳ್ಳು ಹೇಳಿದೆ. ಬಲಗೈಗೆ ಪ್ಲಾಸ್ಟರ್ ಇದ್ದುದರಿಂದ ಎಡಗೈಯಲ್ಲಿ, ಒಂದನೆಯ ತರಗತಿಯ ಮಗುವಿನಂತೆ, ಹೆಸರು ಬರೆದಳು.

ಲೋಹಿತನನ್ನು ಬಂಧಿಸಿದರು. ಕೊಲೆ ಯತ್ನದ ಕೇಸಾಯಿತು, ಜಾಮೀನು ಸಿಗಲಿಲ್ಲ. ಅಮರನ ಮೇಲಿನ ಕೇಸು ಬಿದ್ದುಹೋಯಿತು. ಕಣ್ಣು ಬರಲಿಲ್ಲ. ವ್ಯಾನಿನ ಕೆಲಸವೂ ಬರಲಿಲ್ಲ, ಒಂದೇ ಕಣ್ಣಿನವನಿಗೆ ಮಕ್ಕಳ ಗಾಡಿ ಕೊಡುವವರಿರಲಿಲ್ಲ. ಗವಿಪುರದಲ್ಲೇ ಒಂದು ಜೆರಾಕ್ಸ್ ಅಂಗಡಿಗೆ ಸೇರಿಕೊಂಡ. ದೊಡ್ಡಬೈರಪ್ಪ ಎರಡು ಸಲ ಶಾಲೆಯ ಗೇಟಿನ ತನಕ ಬಂದು ಕೂಗಾಡಿದರು. ಲಕ್ಕಮ್ಮ ಒಂದೇ ಸಲ, ಕೋಕಿಲಾಳ ಮನೆಗೆ ಬಂದರು. ಯಶಶ್ರೀಯ ಪುಸ್ತಕ, ಬಟ್ಟೆಗಳ ಚೀಲ ಕೊಟ್ಟು, ಕಾಫಿಯನ್ನೂ ಕುಡಿಯದೆ ಎದ್ದರು.

“ಅವನನ್ನ ನೋಡಕ್ಕೆ ಹೋಗ್ಬೇಕು” ಎಂದರು. “ಏನೇ ಆದ್ರೂ ಹೆತ್ತಿದೀನಲ್ಲ.”

ವಿಚಾರಣೆಯ ಮೊದಲ ದಿನ ನ್ಯಾಯಾಲಯದ ಪಡಸಾಲೆಯಲ್ಲಿ ಇದ್ದದ್ದು ಒಂದೇ ಬೆಂಚು. ಗಿರಿಜಾಂಬಾ ಒಂದು ತುದಿಯಲ್ಲಿ ಕೂತಿದ್ದರು. ಯಶಶ್ರೀ ಕೂರದೆ ಕಂಬಕ್ಕೊರಗಿ ನಿಂತಳು. ಕ್ಷಮೆ ಕೇಳುವ ಮುಖವಿರಲಿಲ್ಲ. ಅವಳ ಕೈ ಮುರಿದ ಸುದ್ದಿ ವಕೀಲರಿಂದ ತಿಳಿದಿದ್ದ ಗಿರಿಜಾಂಬಾ ಅವಳತ್ತ ನೋಡದೆ ಕೇಳಿದರು:

“ಕೈ ಕೂಡ್ಕೊಂಡಿದ್ಯಾ?”

“ಹೂಂ. ಬರೆಯೋವಾಗ ಸ್ವಲ್ಪ ನೋವಿದೆ.”

ಒಳಗಿನಿಂದ ಜವಾನ ಬಂದು ಯಶಶ್ರೀಯ ಹೆಸರು ಕೂಗಿದ. ಅವಳು ಸೆರಗು ಸರಿಪಡಿಸಿಕೊಂಡು ಒಳಗೆ ಹೋದಳು.