ಒಂದು ಮೀಸೆ, ಎರಡು ಪಡೆ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಬೀದಿಯಲ್ಲಿ ಎದುರಾದವನು ಯಾವ ಪಕ್ಷದವನೆಂದು ದೇವರಿಗಷ್ಟೇ ಕಾಣುತ್ತಿತ್ತು. ಬೆಟ್ಟದ ಪಡೆಯವರು ಮೀಸೆ ಬಿಡುವವರು, ಹೊಳೆಯ ಪಡೆಯವರು ಬೋಳಿಸುವವರು. ಪಟ್ಟಣ ಕೈ ಬದಲಾದಾಗಲೆಲ್ಲ ಗಂಡಸರು ಗಾಳಿ ಬಂದ ಕಡೆ ತೂರಿಕೊಳ್ಳುತ್ತಿದ್ದರು. ಪಕ್ಷವೆನ್ನುವುದು ಎದೆಯೊಳಗಿರುತ್ತದೋ ಮೂಗಿನ ಕೆಳಗಿರುತ್ತದೋ, ಮೇಲಿರುವವನೇ ಬಲ್ಲ. ಕ್ಷೌರಿಕ ಮೂಗಿನ ಕೆಳಗಿನದನ್ನು ನೋಡಿಕೊಳ್ಳುತ್ತಿದ್ದ.

ಅಂದು ಅಂಗಡಿಗೆ ಮೊದಲು ಓಡಿ ಬಂದವನು ಅವನ ಅಳಿಯ, ಬೆಟ್ಟದ ಪಡೆಯ ಸಿಪಾಯಿ.

"ಮಾವ, ನಾವು ಸೋತ್ವಿ! ಹೊಳೆಯವ್ರು ಬರ್ತಿದಾರೆ. ಬೇಗ ತೆಗೀರಿ."

"ಈ ಮೀಸೆ ನೋಡೇ ಅಲ್ವೇನಪ್ಪಾ ಹೆಣ್ಣು ಕೊಟ್ಟಿದ್ದು?"

"ತಲೆ ಉಳಿದ್ರೆ ಮೀಸೆ ಬರುತ್ತೆ!"

ಕ್ಷೌರಿಕ ದೇವರನ್ನು ನೆನೆದು ಕತ್ತಿ ಆಡಿಸಿದ. ಮೀಸೆ ಇಡಿಯಾಗಿ ಕಾಗದದ ಮೇಲೆ ಬಂದು ಮಲಗಿತು.

ಅಷ್ಟರಲ್ಲಿ ಹಿತ್ತಿಲ ಬಾಗಿಲಿನಿಂದ ನುಸುಳಿದ ಹೊಳೆಯ ಪಡೆಯ ಹವಾಲ್ದಾರ ಪಕ್ಕದ ಕುರ್ಚಿಯಲ್ಲಿ ಕುಸಿದ. ಅಳಿಯ ಉಸಿರು ಬಿಗಿಹಿಡಿದ.

"ಯಜಮಾನ್ರೇ, ನಂಗೊಂದು ಮೀಸೆ ಬೇಕು. ಈಗ್ಲೇ!"

"ಕೊಡೋನು ದೇವ್ರು ಸ್ವಾಮಿ, ನಾನು ತೆಗೆಯೋನು."

"ನಾವು ಸೋತ್ವಿ ಕಣ್ರೀ! ಬೆಟ್ಟದವ್ರ ಕೈಗೆ ಸಿಕ್ರೆ ನನ್ನ ಕಥೆ ಮುಗೀತು."

ಕ್ಷೌರಿಕ ಕಾಗದ ನೋಡಿದ, ಹವಾಲ್ದಾರನ ತುಟಿ ನೋಡಿದ. ತೆಳುಬಟ್ಟೆಯ ಚೂರಿಗೆ ಅಂಟು ಸವರಿ, ಮೀಸೆಯನ್ನು ಅದರ ಮೇಲೆ ಕೂರಿಸಿ, ಮೂಗಿನ ಕೆಳಗೆ ಒತ್ತಿದ. "ಸೀನಬೇಡಿ ಅಷ್ಟೆ."

ಕನ್ನಡಿಯಲ್ಲಿ ಅಳಿಯನಿಗೆ ತನ್ನ ಮೀಸೆ ಕಂಡಿತು. ತಡೆಯಲಾಗಲಿಲ್ಲ.

"ನಾನು ಬೆಟ್ಟದವನೇ. ನಾವೆಲ್ಲಿ ಗೆದ್ವಿ? ಬೆಳಗಿಂದ ಓಡ್ತಿದ್ವಲ್ಲ!"

"ಅಯ್ಯೋ, ಓಡ್ತಿದ್ದೋರು ನಾವು!"

ಒಳಗಿನಿಂದ ಕ್ಷೌರಿಕನ ಹೆಂಡತಿ ಕೇಳಿದಳು: "ಇಬ್ರೂ ಓಡಿದ್ರೆ ಗುಂಡು ಹಾರಿಸ್ತಿದ್ದಿದ್ದು ಮಂಜೇನ್ರಪ್ಪಾ?"

ಹೊತ್ತೇರಿ ಮಂಜು ಕರಗಿತು. ಬೀದಿಯಲ್ಲಿ ಮೈಕು ಕಟ್ಟಿದ ಜೀಪೊಂದು ಕೂಗುತ್ತ ಹೋಯಿತು: ಯುದ್ಧ ನಿಂತಿದೆ, ಎಲ್ಲರೂ ತಂತಮ್ಮ ಪಡೆ ಸೇರಿಕೊಳ್ಳಿ, ಪಕ್ಷ ಬದಲಿಸಿದ್ದು ಕಂಡರೆ ಗುಂಡೇಟು.

ಅಳಿಯ ಬೋಳು ತುಟಿಯನ್ನು ಕೈಯಿಂದ ಮುಚ್ಚಿಕೊಂಡ. ಅತ್ತೆ ಬಾಗಿಲಿಗೆ ಬಂದು ನಿಂತಳು. "ಮಗಳು ತುಂಬಿದ ಬಸುರಿ. ಅವಳಿಗೇನಂತ ಹೇಳ್ಲಿ?"

ಹವಾಲ್ದಾರ ಬಿಸಿನೀರಿನ ಬಟ್ಟೆಯನ್ನು ತುಟಿಗೆ ಒತ್ತಿ ಹಿಡಿದ. ಹಲ್ಲು ಕಚ್ಚಿ ಎಳೆದ, ಕಣ್ಣಲ್ಲಿ ನೀರು ಬಂತು. ಮುದುಡಿದ ಕೂದಲನ್ನು ಬೆರಳಿನಿಂದ ಮೆಲ್ಲಗೆ ನೇರಮಾಡಿ, ಮೀಸೆಯನ್ನು ಅಳಿಯನ ಅಂಗೈಯಲ್ಲಿಟ್ಟ.